ಅವರದು ಟ್ಯೂನಿಂಗ್, ನಮ್ಮದು ಜುಗಾಡ್

ಕಳೆದ ವರ್ಷ ಒಂದು ವಿಚಾರ ಸಂಕಿರಣಕ್ಕೆ ಹೋಗಿದ್ದೆ. ಗೋಷ್ಠಿಯ ವಿಷಯ ಮಲೆನಾಡಿನ ದೇಸಿ ಜ್ಞಾನ. ನಾಟಿವೈದ್ಯ ಬಂತು, ಅಂಟಿಗೆ-ಪಂಟಿಗೆ ಬಂತು, ಜೇನು ಕೀಳುವವರ ಬಗ್ಗೆ ಒಂದು ಒಳ್ಳೆಯ ಪ್ರಬಂಧವೂ ಬಂತು. ಕೊನೆಯಲ್ಲಿ ಪ್ರಶ್ನೆಗೆ ಅವಕಾಶ ಸಿಕ್ಕಾಗ ನಾನು ಎದ್ದು, ‘ಕೊಪ್ಪದ ಪಕ್ಕ ಬಾಳಗಡಿಯಂಥ ಊರಿನ ಗ್ಯಾರೇಜಿನಲ್ಲಿ ಹಳೆಯ ಯೆಜ್ಡಿಗೆ ಬೇರೆ ಕಂಪನಿಯ ಕಾರ್ಬೋರೇಟರ್ ಕೂರಿಸುತ್ತಾರಲ್ಲ, ಅದು ಈ ಪಟ್ಟಿಯಲ್ಲಿ ಬರುತ್ತದೆಯೇ?’ ಎಂದು ಕೇಳಿದೆ. ಸಭೆ ನಕ್ಕಿತು. ಅಧ್ಯಕ್ಷತೆ ವಹಿಸಿದ್ದ ಹಿರಿಯರೂ ನಕ್ಕು, ‘ಅದು ಜ್ಞಾನ ಅಲ್ಲಪ್ಪ, ಜುಗಾಡ್’ ಎಂದರು. ಅವರಿಗೆ ನನ್ನನ್ನು ಅವಮಾನಿಸುವ ಉದ್ದೇಶವಿರಲಿಲ್ಲ. ಮೆಚ್ಚುಗೆಯಿಂದಲೇ ಹೇಳಿದರು. ನನ್ನ ತಕರಾರು ಆ ಮೆಚ್ಚುಗೆಯ ಬಗ್ಗೆಯೇ.

ಜುಗಾಡ್ ಎಂಬ ಮಾತು ನಮ್ಮ ಕಡೆಯದಲ್ಲ. ನಾನು ಬೆಳೆದ ಸೀಮೆಯ ಯಾವ ಗ್ಯಾರೇಜಿನಲ್ಲೂ ಅದನ್ನು ಕೇಳಿಲ್ಲ. ಅಲ್ಲಿ ‘ಕೂರಿಸುವುದು’ ಅನ್ನುತ್ತಾರೆ. ‘ಮಿಕುನಿ ಕೂರಿಸಿದ್ದೀನಿ, ಇನ್ನೂ ಸರಿಯಾಗಿ ಕೂತಿಲ್ಲ, ಎರಡು ದಿನ ಓಡಿಸಿ ತನ್ನಿ’ ಅನ್ನುತ್ತಾರೆ. ಒಂದು ವಸ್ತು ಕೂತಿದೆಯೋ ಇಲ್ಲವೋ ಎಂದು ಹೇಳಬೇಕಾದರೆ ಕೂರುವುದೆಂದರೆ ಏನು ಎಂಬುದಕ್ಕೆ ಒಂದು ಅಳತೆ ಬೇಕು. ಜುಗಾಡ್ ಎಂಬ ಮಾತಿನೊಳಗೆ ಅಂಥ ಅಳತೆ ಇಲ್ಲ. ಹೇಗೋ ಆಯಿತು, ಇವತ್ತಿಗೆ ನಡೆಯಿತು ಎಂಬುದಷ್ಟೇ ಅದರ ಅರ್ಥ. ಕೆಲಸ ಮಾಡುವವರು ಅಳತೆಯಿರುವ ಮಾತನ್ನು ಬಳಸುತ್ತಿದ್ದಾರೆ, ನೋಡುವವರು ಅಳತೆಯಿಲ್ಲದ ಮಾತನ್ನು ತಂದು ಅಂಟಿಸುತ್ತಿದ್ದಾರೆ.

ಈ ಕೂರಿಸುವ ಕೆಲಸ ಏನೆಂದು ಗೊತ್ತಿಲ್ಲದವರಿಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಸಾಹಿತ್ಯದ ಪತ್ರಿಕೆಯಲ್ಲಿ ಇದೇಕೆ ಎನ್ನುವವರು ಒಂದೆರಡು ಪ್ಯಾರಾ ತಾಳಿಕೊಳ್ಳಬೇಕು.

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಬೈಕು ತಯಾರಿಸಲು ಶುರುಮಾಡಿತು. ಮೊದಲು ಜಾವಾ, 70ರ ದಶಕದಿಂದ ಯೆಜ್ಡಿ. 250 ಸಿಸಿಯ ಟೂ-ಸ್ಟ್ರೋಕ್ ಎಂಜಿನ್, ಒಂದೇ ಸಿಲಿಂಡರ್, ಎರಡು ಸೈಲೆನ್ಸರ್. ಮಲೆನಾಡಿನ ಏರಿಗೆ, ಕೆಸರಿಗೆ, ಹಿಂದೆ ಗೊಬ್ಬರದ ಮೂಟೆ ಹೇರಿಕೊಂಡು ಹೋಗುವುದಕ್ಕೆ ಹೇಳಿ ಮಾಡಿಸಿದ ಗಾಡಿ. ಅದರ ಕಾರ್ಬೋರೇಟರ್ ಜೆಕ್ ಮೂಲದ ಜಿಕೋವ್. 1996ರಲ್ಲಿ ಕಾರ್ಖಾನೆ ಮುಚ್ಚಿತು, ಬೈಕುಗಳು ಮಾತ್ರ ಓಡುತ್ತಲೇ ಇದ್ದವು. ವರ್ಷಗಳು ಕಳೆದಂತೆ ಜಿಕೋವ್‌ನ ಸ್ಲೈಡು ಸವೆದು ಪಕ್ಕದಿಂದ ಗಾಳಿ ಎಳೆಯುತ್ತದೆ, ಐಡ್ಲಿಂಗ್ ನಿಲ್ಲುವುದಿಲ್ಲ, ಫ್ಲೋಟು ಕೆಟ್ಟು ಪೆಟ್ರೋಲ್ ಸುರಿಯುತ್ತದೆ. ಒಳ್ಳೆಯ ಬಿಡಿಭಾಗ ಸಿಗುವುದಿಲ್ಲ. ಆಗ ಜಪಾನಿನ ಮಿಕುನಿ ಮಾದರಿಯ, ಬೇರೆ ಯಾವುದೋ ಬೈಕಿಗಾಗಿ ತಯಾರಾದ ಕಾರ್ಬೋರೇಟರ್ ತಂದು ಕೂರಿಸಬೇಕು.

ಮೊದಲ ತೊಡಕು, ಅದರ ಬೋಲ್ಟಿನ ತೂತುಗಳು ಇದರ ತೂತುಗಳಿಗೆ ಹೊಂದುವುದಿಲ್ಲ. ಅಲ್ಯೂಮಿನಿಯಂ ತಗಡಿನಲ್ಲಿ ನಡುವಿನ ಪ್ಲೇಟು ಕತ್ತರಿಸಿ, ಉಜ್ಜಿ, ಎರಡೂ ಕಡೆ ಪ್ಯಾಕಿಂಗ್ ಹಾಕಬೇಕು. ಕೂದಲೆಳೆಯಷ್ಟು ಸಂದು ಉಳಿದರೂ ಅಲ್ಲಿಂದ ಗಾಳಿ ನುಗ್ಗಿ ಮಿಶ್ರಣ ತೆಳುವಾಗುತ್ತದೆ. ಟೂ-ಸ್ಟ್ರೋಕಿನಲ್ಲಿ ಪೆಟ್ರೋಲಿನ ಜೊತೆಗೇ ಆಯಿಲ್ ಬೆರೆಸಿರುತ್ತಾರೆ. ಪೆಟ್ರೋಲ್ ಕಡಿಮೆ ಹೋಯಿತೆಂದರೆ ಆಯಿಲೂ ಕಡಿಮೆ ಹೋಯಿತು ಎಂದರ್ಥ. ಒಂದು ಕಡೆ ಬಿಸಿ ಏರುತ್ತದೆ, ಇನ್ನೊಂದು ಕಡೆ ನುಣುಪು ಇಳಿಯುತ್ತದೆ, ಪಿಸ್ಟನ್ ಸೀಜ್ ಆಗುತ್ತದೆ. ಘಾಟಿಯ ತಿರುವಿನಲ್ಲಿ ಹಿಂದಿನ ಚಕ್ರ ಕಚ್ಚಿಕೊಂಡರೆ ಏನಾಗುತ್ತದೆಂದು ಹೇಳಬೇಕಾಗಿಲ್ಲ.

ಎರಡನೆಯದು ಜೆಟ್ಟು. 100 ಸಿಸಿಗೆ ಅಂತ ಬಂದ ಜೆಟ್ಟು 250 ಸಿಸಿಗೆ ಸಾಲದು. ಐಡ್ಲಿಂಗ್‌ನಲ್ಲಿ ಪೈಲಟ್ ಜೆಟ್, ನಡು ವೇಗದಲ್ಲಿ ನೀಡಲ್, ಪೂರ್ತಿ ಥ್ರಾಟಲ್‌ನಲ್ಲಿ ಮೇನ್ ಜೆಟ್ ಕೆಲಸ ಮಾಡುತ್ತವೆ. ಮೂರನ್ನೂ ಬೇರೆಬೇರೆಯಾಗಿ ಹೊಂದಿಸಬೇಕು, ಆದರೆ ಒಂದನ್ನು ಮುಟ್ಟಿದರೆ ಇನ್ನೊಂದರ ಅಂಚು ಕದಲುತ್ತದೆ. ನಾನು ಕಂಡ ಮೇಸ್ತ್ರಿ ಮೇನ್ ಜೆಟ್ಟನ್ನು ಬೇಕೆಂದೇ ಒಂದು ಸೈಜು ದೊಡ್ಡದು ಹಾಕಿ ಅಲ್ಲಿಂದ ಕೆಳಗೆ ಇಳಿಯುತ್ತಾ ಬರುತ್ತಾರೆ. ಯಾಕೆಂದು ಕೇಳಿದೆ. ‘ದೊಡ್ಡದಾದ್ರೆ ಹೊಗೆ ಬರುತ್ತೆ, ಪ್ಲಗ್ಗು ಕಪ್ಪಾಗುತ್ತೆ, ಅಷ್ಟೇ. ಸಣ್ಣದಾದ್ರೆ ಎಂಜಿನ್ನೇ ಹೋಗುತ್ತೆ ಮಾರಾಯ. ತಪ್ಪುವುದಾದ್ರೆ ಹೊಗೆ ಕಡೆಗೆ ತಪ್ಪಬೇಕು’ ಎಂದರು. ಪ್ರತಿ ಸಲ ಏರಿನಲ್ಲಿ ಪೂರ್ತಿ ಥ್ರಾಟಲ್ ಕೊಟ್ಟು, ಒಮ್ಮೆಲೇ ಕ್ಲಚ್ ಹಿಡಿದು ಎಂಜಿನ್ ಆರಿಸಿ, ಪ್ಲಗ್ ಬಿಚ್ಚಿ ಬಣ್ಣ ನೋಡುತ್ತಾರೆ. ಮಸಿಯಾಗಿದ್ದರೆ ಪೆಟ್ರೋಲ್ ಹೆಚ್ಚು, ಬೂದಿಬಿಳಿಯಾಗಿದ್ದರೆ ಕಡಿಮೆ, ಕಾಫಿಪುಡಿಯ ಬಣ್ಣ ಬಂದರೆ ಸರಿ. ಗಾಳಿ ಎಳೆಯುತ್ತಿದೆಯೇ ಎಂದು ತಿಳಿಯಲು ಎಂಜಿನ್ ಓಡುತ್ತಿರುವಾಗಲೇ ಜಾಯಿಂಟಿನ ಸುತ್ತ ಆಯಿಲ್ ಸವರುತ್ತಾರೆ. ಸದ್ದು ಬದಲಾದರೆ ಸಂದು ಅಲ್ಲೇ ಇದೆ.

ಇನ್ನೊಂದು ಪ್ರಶ್ನೆ ಅವರು ತಪ್ಪದೆ ಕೇಳುತ್ತಾರೆ: ‘ಘಟ್ಟ ಇಳಿಯುತ್ತೀರಾ?’ ಆಗುಂಬೆ ಇಳಿದು ಉಡುಪಿ ಕಡೆ ಹೋಗುವ ಗಾಡಿಗೆ ಜೆಟ್ಟನ್ನು ಅಂಚಿಗೆ ತಂದು ನಿಲ್ಲಿಸುವುದಿಲ್ಲ. ಏಳುನೂರು ಮೀಟರ್ ಎತ್ತರಕ್ಕೂ ಸಮುದ್ರಮಟ್ಟಕ್ಕೂ ಗಾಳಿಯ ಸಾಂದ್ರತೆಯಲ್ಲಿ ಸುಮಾರು ಶೇ. 6ರಷ್ಟು ವ್ಯತ್ಯಾಸವಿದೆ. ಮೇಲೆ ಸರಿಯಾಗಿದ್ದ ಮಿಶ್ರಣ ಕೆಳಗೆ ತೆಳುವಾಗುತ್ತದೆ. ಮೇಸ್ತ್ರಿಗೆ ಶೇಕಡಾ ಲೆಕ್ಕ ಗೊತ್ತಿಲ್ಲ. ‘ಕೆಳಗೆ ಗಾಳಿ ದಪ್ಪ’ ಎನ್ನುತ್ತಾರೆ. ಭೌತಶಾಸ್ತ್ರ ಹೇಳುವುದೂ ಅದನ್ನೇ.

ಊಹೆ ಮಾಡು, ಒಂದು ಸಲಕ್ಕೆ ಒಂದನ್ನೇ ಬದಲಾಯಿಸು, ಫಲಿತಾಂಶ ನೋಡು, ತಪ್ಪಿದರೆ ನಷ್ಟ ಕಡಿಮೆಯಾಗುವ ಕಡೆಗೆ ತಪ್ಪು. ಸಂಶೋಧನಾ ವಿಧಾನದ ಕೋರ್ಸ್‌ವರ್ಕಿನಲ್ಲಿ ಒಂದು ಸೆಮಿಸ್ಟರ್ ಪೂರ್ತಿ ನನಗೆ ಹೇಳಿಕೊಟ್ಟದ್ದು ಇದನ್ನೇ. ಅಲ್ಲಿ ಇದಕ್ಕೆ ವಿಧಾನ ಎಂಬ ಹೆಸರಿತ್ತು.

ಈಗ ಇದೇ ಕೆಲಸ ದೂರದ ದೇಶದಲ್ಲಿ ನಡೆದಾಗ ಏನೆನ್ನುತ್ತಾರೆ ನೋಡಿ. ಜರ್ಮನಿಯ ಫೆಲಿಕ್ಸ್ ವ್ಯಾಂಕೆಲ್ ಎಂಬಾತ ರೂಪಿಸಿದ ರೋಟರಿ ಎಂಜಿನ್ 1957ರಲ್ಲಿ ಮೊದಲ ಬಾರಿಗೆ ಓಡಿತು. ಅದರಲ್ಲಿ ಮೇಲೆಕೆಳಗೆ ಹೋಗುವ ಪಿಸ್ಟನ್ ಇಲ್ಲ, ವಾಲ್ವ್ ಇಲ್ಲ. ಮೂರು ಮೂಲೆಯ ರೋಟರ್ ಒಂದು ಗೂಡಿನೊಳಗೆ ಬೀಸುವ ಕಲ್ಲಿನಂತೆ ಸುತ್ತುತ್ತದೆ. ಜಪಾನಿನ ಮಾಜ್ದಾ ಕಂಪನಿ 1967ರಿಂದ ಈ ಎಂಜಿನ್ನಿನ ಕಾರು ಮಾರಿತು. 1991ರಲ್ಲಿ ಲೆ ಮಾನ್ಸ್‌ನ 24 ಗಂಟೆಗಳ ಓಟವನ್ನೂ ರೋಟರಿಯಿಂದಲೇ ಗೆದ್ದಿತು. 1978ರಲ್ಲಿ ಬಂದ ಆರ್‌ಎಕ್ಸ್-7 ಕಾರಿನ ಕಂಪನಿ ಕಾರ್ಬೋರೇಟರ್ ತೆಗೆದು ವೆಬರ್, ಹೋಲಿ ಮುಂತಾದ ಬೇರೆ ಕಾರ್ಬೋರೇಟರ್ ಕೂರಿಸುವುದು ಅಮೆರಿಕ, ಆಸ್ಟ್ರೇಲಿಯಾದ ಹವ್ಯಾಸಿಗಳ ನಡುವೆ ದೊಡ್ಡ ಕಲೆ. ಅಲ್ಲೂ ನಡುವಿನ ಪ್ಲೇಟು ಬೇಕು, ಜೆಟ್ಟು ಬದಲಿಸಬೇಕು, ಪ್ಲಗ್ಗಿನ ಬಣ್ಣ ನೋಡಬೇಕು.

ಅಲ್ಲೊಂದು ವಿಶೇಷ ತೊಡಕಿದೆ. ರೋಟರಿನ ಮೂರು ತುದಿಗಳಲ್ಲಿರುವ ಸೀಲುಗಳು ಗೂಡಿನ ಗೋಡೆಯನ್ನು ಸದಾ ಉಜ್ಜುತ್ತಿರುತ್ತವೆ. ಅವು ಒಣಗಬಾರದೆಂದು ಒಂದು ಪುಟ್ಟ ಪಂಪು ಕಂಪನಿ ಕಾರ್ಬೋರೇಟರಿನ ಮೂಲಕ ಆಯಿಲನ್ನು ಹನಿಹನಿಯಾಗಿ ಒಳಗೆ ಕಳಿಸುತ್ತದೆ. ಹೊರಗಿನ ಕಾರ್ಬೋರೇಟರಿಗೆ ಆ ದಾರಿ ಇರುವುದಿಲ್ಲ. ಇದು ತಿಳಿಯದೆ ಕೂರಿಸಿದವರ ಸೀಲುಗಳು ಒಣಗಿ ಹಾಳಾಗುತ್ತವೆ. ಪರಿಹಾರ ಏನು? ಟ್ಯಾಂಕಿಗೆ ಪೆಟ್ರೋಲ್ ಹಾಕುವಾಗಲೇ ಲೆಕ್ಕ ನೋಡಿ ಆಯಿಲ್ ಬೆರೆಸುವುದು. ಬಾಳಗಡಿಯಲ್ಲಿ ಯೆಜ್ಡಿ ಇಟ್ಟುಕೊಂಡ ಯಾವ ರೈತನನ್ನು ಕೇಳಿದರೂ ಇದನ್ನೇ ಹೇಳುತ್ತಿದ್ದರು. ಲಕ್ಷಗಟ್ಟಲೆ ಬೆಲೆಬಾಳುವ ರೋಟರಿ ಕಾರಿನವನೂ, ಹಿಂದಿನ ಸೀಟಿಗೆ ಅಡಿಕೆ ಚೀಲ ಕಟ್ಟಿಕೊಂಡವನೂ ಒಂದೇ ಕಾರಣಕ್ಕೆ ಒಂದೇ ಕೆಲಸ ಮಾಡುತ್ತಾರೆ. ಆದರೆ ಅವರದು ಟ್ಯೂನಿಂಗ್, ನಮ್ಮದು ಜುಗಾಡ್. ಅವರ ಕೆಲಸಕ್ಕೆ ಕೈಪಿಡಿಗಳಿವೆ, ಜೆಟ್ಟಿನ ಅಳತೆಯ ಕೋಷ್ಟಕಗಳಿವೆ. ನಮ್ಮದಕ್ಕೆ ಒಂದು ನಗು ಇದೆ.

ಸಾಹಿತ್ಯದ ವಿದ್ಯಾರ್ಥಿಗಳಾದ ನಮಗೆ ಈ ಭೇದ ಅರ್ಥವಾಗಬೇಕಿತ್ತು. ಒಂದು ಕಡೆಯ ಯಂತ್ರವನ್ನು ಇನ್ನೊಂದು ಕಡೆಯ ಮೈಗೆ ಹೊಂದಿಸುವ ಕೆಲಸ ನಮಗೆ ಹೊಸದಲ್ಲ. ಬಿ.ಎಂ.ಶ್ರೀ ಸೊಫೋಕ್ಲಿಸನ ‘ಅಜಾಕ್ಸ್’ ನಾಟಕವನ್ನು ತಂದು 1929ರಲ್ಲಿ ‘ಅಶ್ವತ್ಥಾಮನ್’ ಮಾಡಿದರು. ಗ್ರೀಕ್ ವೀರನ ಹುಚ್ಚು, ನಾಚಿಕೆ, ಸಾವನ್ನು ಮಹಾಭಾರತದ ಬೇರೊಬ್ಬನ ಮೈಗೆ ಕೂರಿಸಿದರು. ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ ಹುಟ್ಟಿದ ಕುವೆಂಪು ‘ಹ್ಯಾಮ್ಲೆಟ್’ ಇಟ್ಟುಕೊಂಡು ಬಿದನೂರಿನ ಕತೆಯಾಗಿ ‘ರಕ್ತಾಕ್ಷಿ’ ಬರೆದರು. ಎಲ್ಲಿ ಪ್ಲೇಟು ಹಾಕಿದರು, ಯಾವ ತೂತು ಮುಚ್ಚಿದರು, ಎಲ್ಲಿ ಗಾಳಿ ಎಳೆಯುತ್ತಿದೆ ಎಂದು ನಾವು ಪುಟಗಟ್ಟಲೆ ಬರೆಯುತ್ತೇವೆ. ಅದಕ್ಕೆ ರೂಪಾಂತರ ಎಂಬ ಗೌರವದ ಹೆಸರು ಕೊಟ್ಟಿದ್ದೇವೆ. ಯಾರೂ ಬಿ.ಎಂ.ಶ್ರೀ ಜುಗಾಡ್ ಮಾಡಿದರು ಎಂದಿಲ್ಲ, ಅನ್ನಬಾರದು ಕೂಡ. ಕೈಗೆ ಮಸಿ ಹತ್ತುವ ಕಡೆ ಮಾತ್ರ ಈ ಗೌರವ ಏಕೆ ಬತ್ತಿಹೋಗುತ್ತದೆ?

ಉತ್ತರ ನಮಗೆಲ್ಲ ಗೊತ್ತಿದೆ, ಹೇಳಿಕೊಳ್ಳಲು ಮುಜುಗರ. ಬರೆಯುವ ಕೈ ಮೇಲು, ಸ್ಪಾನರ್ ಹಿಡಿಯುವ ಕೈ ಕೀಳು ಎಂಬುದು ಜಾತಿ ನಮಗೆ ಕಲಿಸಿದ ಪಾಠ. ನಮ್ಮ ಕಡೆಯ ಗ್ಯಾರೇಜುಗಳಲ್ಲಿ ಸಣ್ಣ ವಯಸ್ಸಿಗೇ ಕೆಲಸಕ್ಕೆ ಸೇರಿದವರು ಯಾರ ಮನೆಯ ಮಕ್ಕಳು ಎಂದು ಒಮ್ಮೆ ಎಣಿಸಿ ನೋಡಿ. ತೋಟದ ಮನೆಗಳಿಂದ ಎಷ್ಟು ಮಂದಿ, ಲೈನುಮನೆಗಳಿಂದ ಎಷ್ಟು ಮಂದಿ? ದೇಸಿ ಜ್ಞಾನದ ಗೋಷ್ಠಿಗಳಲ್ಲಿ ನಾವು ನಾಟಿವೈದ್ಯರನ್ನು ಕೂರಿಸುತ್ತೇವೆ, ಯಾಕೆಂದರೆ ಅವರ ಜ್ಞಾನ ಹಳೆಯದು, ಹಸಿರಾದದ್ದು, ಫೋಟೋದಲ್ಲಿ ಚೆನ್ನಾಗಿ ಬರುತ್ತದೆ. ಮೆಕ್ಯಾನಿಕ್ಕನ ಜ್ಞಾನ ಹಾಗಲ್ಲ. ಅದು ಜೆಕ್, ಜಪಾನ್, ಮೈಸೂರು ಎಲ್ಲ ಸೇರಿ ಮಿಶ್ರವಾದದ್ದು, ಅದರ ಮಾತುಗಳು ಅರ್ಧ ಇಂಗ್ಲಿಷು. ಅದಕ್ಕೇ ನಮಗದು ದೇಸಿ ಅನ್ನಿಸುವುದಿಲ್ಲ. ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯಲ್ಲಿ ಪಾದ್ರಿಯ ಬೈಸಿಕಲ್ಲು ಮೇಗರವಳ್ಳಿಗೆ ಬಂದಾಗ ಜನರ ಬಾಯಲ್ಲಿ ಅದು ಬೀಸೆಕಲ್ಲಾಗುತ್ತದೆ. ಹೊರಗಿನ ಯಂತ್ರ ಬಂದ ಕೂಡಲೇ ಊರಿನವರು ಅದನ್ನು ತಮ್ಮ ಮಾತಿಗೆ ಕೂರಿಸಿಕೊಂಡರು. ಕುವೆಂಪು ಅದನ್ನು ನಗೆಯ ಜೊತೆಗೆ ಗಂಭೀರವಾಗಿಯೂ ಗಮನಿಸಿದರು. ಆಮೇಲೆ ಬಂದ ನಾವು ನಗೆಯನ್ನಷ್ಟೇ ಉಳಿಸಿಕೊಂಡೆವು.

ಇನ್ನೊಂದು ಗುಂಪಿನ ಜೊತೆಗೂ ನನ್ನ ಜಗಳವಿದೆ. ಅವರು ಶುದ್ಧವಾದಿಗಳು. ಹಳೆಯ ಜಾವಾ, ಯೆಜ್ಡಿ ಹುಡುಕಿ ಕೊಂಡು, ಪ್ರತಿ ನಟ್ಟೂ ಒರಿಜಿನಲ್ ಆಗಿರಬೇಕೆಂದು ಹಟ ಹಿಡಿಯುವ ನಗರದ ಸಂಗ್ರಹಕಾರರು. ನಮ್ಮ ಮನೆಯ ಗಾಡಿ ನೋಡಲು ಬಂದ ಒಬ್ಬರು ಮಿಕುನಿಯನ್ನು ಕಂಡು, ‘ಅಯ್ಯೋ, ಹಾಳು ಮಾಡಿಬಿಟ್ಟಿದ್ದೀರಲ್ಲ’ ಎಂದರು. ಅಪ್ಪಯ್ಯ, ‘ಹಾಳಾಗಿದ್ರೆ ನೀವು ಈಗ ನೋಡೋಕೆ ಇದು ಎಲ್ಲಿ ಇರ್ತಿತ್ತು?’ ಎಂದರು. ಅದೇ ನನ್ನ ವಾದವೂ. ಒರಿಜಿನಲ್ ಜಿಕೋವ್ ಇಟ್ಟುಕೊಂಡ ಎಷ್ಟೋ ಗಾಡಿಗಳು ಕೊಟ್ಟಿಗೆಯ ಹಿಂದೆ ತುಕ್ಕು ಹಿಡಿದು ಗುಜರಿಗೆ ಹೋದವು. ಬೇರೆ ಕಾರ್ಬೋರೇಟರ್ ಕೂರಿಸಿಕೊಂಡವು ಮಕ್ಕಳನ್ನು ಶಾಲೆಗೆ ಬಿಟ್ಟವು, ಹಾಲಿನ ಕ್ಯಾನು ಹೊತ್ತವು. ಸಂಗ್ರಹಕಾರರ ಶ್ರಮವನ್ನು ನಾನು ಅಲ್ಲಗಳೆಯುವುದಿಲ್ಲ. ಪಾಠಾಂತರಗಳಿಲ್ಲದ ಶುದ್ಧ ಪ್ರತಿ ಬೇಕೆಂಬ ಆಸೆ ನಮ್ಮ ಗ್ರಂಥಸಂಪಾದಕರಿಗೂ ಇತ್ತು. ಆದರೆ ಜನ ಹಾಡಿ, ತಿದ್ದಿ, ಬಳಸಿ ಉಳಿಸಿದ ಪಾಠವನ್ನು ಭ್ರಷ್ಟಪಾಠ ಎನ್ನುವ ಮೊದಲು, ಅದನ್ನು ಉಳಿಸಿದ್ದು ಯಾರು ಎಂದು ಕೇಳಬೇಕು.

ಎದುರಾಳಿಗಳ ಬಲವಾದ ಮಾತುಗಳನ್ನೂ ಕೇಳೋಣ. ಟೂ-ಸ್ಟ್ರೋಕ್ ಹೊಗೆ ಕೆಟ್ಟದ್ದು. ನಿಜ. ಸುಡದ ಪೆಟ್ರೋಲ್ ಮತ್ತು ಆಯಿಲ್ ಸೈಲೆನ್ಸರಿನಿಂದ ಹೊರಬೀಳುವುದು ಆ ಎಂಜಿನ್ನಿನ ಹುಟ್ಟುಗುಣ. ಆದರೆ ಸವೆದು ಸೋರುವ ಕಾರ್ಬೋರೇಟರಿಗಿಂತ ಸರಿಯಾಗಿ ಕೂತ ಕಾರ್ಬೋರೇಟರಿನ ಹೊಗೆ ಕಡಿಮೆಯೇ. ಕಾನೂನು ಒಪ್ಪುತ್ತದೆಯೇ ಎಂಬುದು ಎರಡನೆಯ ಮಾತು. ಮೋಟಾರು ವಾಹನ ಕಾಯ್ದೆಯ 52ನೇ ಕಲಂ, ಕಂಪನಿ ಕೊಟ್ಟ ವಿವರಕ್ಕಿಂತ ಭಿನ್ನವಾಗಿ ವಾಹನವನ್ನು ಮಾರ್ಪಡಿಸುವುದನ್ನು ನಿರ್ಬಂಧಿಸುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನು ಎತ್ತಿಹಿಡಿಯಿತು. ಚಾಸಿ ಕತ್ತರಿಸಿ ಷೋಕಿ ಮಾಡುವವರನ್ನು ತಡೆಯಲು ಅಂಥ ನಿಯಮ ಬೇಕೇ ಬೇಕು. ಆದರೆ ತಯಾರಿಸಿದ ಕಾರ್ಖಾನೆಯೇ ಬಾಗಿಲು ಹಾಕಿದ ಮೇಲೆ ರಿಪೇರಿ ಎಲ್ಲಿಗೆ ಮುಗಿಯುತ್ತದೆ, ಮಾರ್ಪಾಡು ಎಲ್ಲಿಂದ ಶುರುವಾಗುತ್ತದೆ ಎಂಬುದನ್ನು ಯೋಚಿಸಬೇಕಾದವರು ಯೋಚಿಸಿದಂತೆ ಕಾಣುವುದಿಲ್ಲ.

ಮೂರನೆಯ ಮಾತು, ಎಲ್ಲ ಮೆಕ್ಯಾನಿಕ್ಕರೂ ಇಷ್ಟು ಬಲ್ಲವರಲ್ಲ. ಇದನ್ನು ಪೂರ್ತಿ ಒಪ್ಪುತ್ತೇನೆ. ನಮ್ಮದೇ ಗಾಡಿಯನ್ನು ಮೊದಲು ಕೊಟ್ಟಿದ್ದು ಬೇರೊಂದು ಊರಿನ ಗ್ಯಾರೇಜಿಗೆ. ಅಲ್ಲಿ ಪ್ಲೇಟಿನ ಬದಲು ಸೈಕಲ್ ಟ್ಯೂಬು ಸುತ್ತಿ ಕ್ಲ್ಯಾಂಪು ಬಿಗಿದಿದ್ದರು. ಪೆಟ್ರೋಲು ತಾಗಿ ಟ್ಯೂಬು ಉಬ್ಬಿ ಸಡಿಲವಾಯಿತು, ಹದಿನೈದು ದಿನದಲ್ಲಿ ಪಿಸ್ಟನ್ ಸೀಜ್ ಆಯಿತು, ಬೋರ್ ಮಾಡಿಸಬೇಕಾಯಿತು. ಜುಗಾಡ್ ಎಂಬ ಮಾತು ಬೇಕೇ ಬೇಕೆಂದರೆ ಅದನ್ನು ಈ ಕೆಲಸಕ್ಕೆ ಇಟ್ಟುಕೊಳ್ಳಿ. ಆದರೆ ಟ್ಯೂಬು ಸುತ್ತಿದವರನ್ನೂ, ಪ್ಲೇಟು ಉಜ್ಜಿ ಪ್ಲಗ್ಗಿನ ಬಣ್ಣ ಓದಿದವರನ್ನೂ ಒಂದೇ ಮಾತಿನಲ್ಲಿ ಹೊಗಳಿದರೆ ಎರಡನೆಯವರಿಗೆ ಅನ್ಯಾಯವಾಗುತ್ತದೆ. ಒಳ್ಳೆಯ ಕೆಲಸ, ಕೆಟ್ಟ ಕೆಲಸ ಎಂದು ಬೇರ್ಪಡಿಸದ ಮೆಚ್ಚುಗೆ ಮೆಚ್ಚುಗೆಯೇ ಅಲ್ಲ. ವಿಮರ್ಶೆ ಓದಿದವರು ಇಷ್ಟನ್ನಾದರೂ ಬಲ್ಲೆವಲ್ಲ.

ಹಳೆಯ ಬೈಕಿನ ಮೋಹಕ್ಕೆ ಇಷ್ಟೆಲ್ಲ ವಾದವೇ ಎಂದು ಕೇಳಬಹುದು. ವಿಷಯ ಬೈಕಿನದಷ್ಟೇ ಆಗಿದ್ದರೆ ನಾನು ಬರೆಯುತ್ತಿರಲಿಲ್ಲ. 2020ರ ಏಪ್ರಿಲ್‌ನಿಂದ ಬಿಎಸ್-6 ನಿಯಮ ಬಂದು ಬಹುಪಾಲು ಹೊಸ ಬೈಕುಗಳಲ್ಲಿ ಕಾರ್ಬೋರೇಟರ್ ಹೋಗಿ ಫ್ಯೂಯಲ್ ಇಂಜೆಕ್ಷನ್ ಬಂತು. ಗ್ಯಾರೇಜಿಗೆ ಸೇರುವ ಹುಡುಗರಿಗೆ ಜೆಟ್ಟು ಕಲಿಯುವ ಅಗತ್ಯ ಕಾಣುತ್ತಿಲ್ಲ. ಅದೇ ಹೊತ್ತಿಗೆ ನಮ್ಮ ತೋಟಗಳಲ್ಲಿ ಕಾರ್ಬೋರೇಟರುಗಳ ಸಂಖ್ಯೆ ಏರಿದೆ. ಕಳೆ ಕತ್ತರಿಸುವ ಯಂತ್ರ, ಮರ ಕೊಯ್ಯುವ ಗರಗಸ, ಕೊಳೆರೋಗಕ್ಕೆ ಬೋರ್ಡೋ ಹೊಡೆಯುವ ಪಂಪಿನ ಎಂಜಿನ್ನು, ಎಲ್ಲದರಲ್ಲೂ ಅದೇ ಪುಟ್ಟ ಕಾರ್ಬೋರೇಟರ್. ಮುಂಗಾರಿನ ನಡುವೆ ಎರಡು ದಿನ ಬಿಸಿಲು ಬಿಟ್ಟಾಗ ಮದ್ದು ಹೊಡೆಯಬೇಕು. ಆ ಎರಡು ದಿನ ಎಂಜಿನ್ ಸ್ಟಾರ್ಟ್ ಆಗದಿದ್ದರೆ ಒಂದು ವರ್ಷದ ಅಡಿಕೆ ನೆಲಕ್ಕುದುರುತ್ತದೆ.

ಇದರ ಮೇಲೆ ಈಗ ಇಪ್ಪತ್ತು ಭಾಗ ಎಥನಾಲ್ ಬೆರೆತ ಪೆಟ್ರೋಲ್ ಬಂದಿದೆ. 2030ಕ್ಕೆ ಎಂದಿದ್ದ ಗುರಿಯನ್ನು ಸರ್ಕಾರ 2025ಕ್ಕೇ ಮುಟ್ಟಿತು. ಒಂದು ಕೆಜಿ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಕೆಜಿ ಗಾಳಿ ಬೇಕು, ಎಥನಾಲ್‌ಗೆ ಸುಮಾರು 9 ಸಾಕು, ಈ ಮಿಶ್ರಣಕ್ಕೆ ಸುಮಾರು 13.5. ಅಂದರೆ ಹಳೆಯ ಜೆಟ್ಟಿನಲ್ಲಿ ಹೊಸ ಪೆಟ್ರೋಲ್ ಹಾಕಿದರೆ ಮಿಶ್ರಣ ತೆಳುವಾಗುತ್ತದೆ. ಇಂಜೆಕ್ಷನ್ ಗಾಡಿ ತಾನೇ ಸರಿಹೊಂದಿಸಿಕೊಳ್ಳುತ್ತದೆ, ಕಾರ್ಬೋರೇಟರಿಗೆ ಆ ಬುದ್ಧಿ ಇಲ್ಲ, ಮನುಷ್ಯನೇ ಹೊಂದಿಸಬೇಕು. ಜೊತೆಗೆ ಎಥನಾಲ್ ನೀರನ್ನು ಹೀರುತ್ತದೆ, ಹಳೆಯ ರಬ್ಬರನ್ನು ಕೆಡಿಸುತ್ತದೆ. ನಮ್ಮ ಮಳೆಗಾಲದ ಥಂಡಿಯಲ್ಲಿ ಮೂರು ತಿಂಗಳು ಟ್ಯಾಂಕಿನಲ್ಲೇ ಪೆಟ್ರೋಲ್ ಬಿಟ್ಟ ಕಳೆ ಯಂತ್ರದ ಸ್ಥಿತಿ ಊಹಿಸಿಕೊಳ್ಳಿ. ಇಂಥದ್ದೊಂದು ಯಂತ್ರವನ್ನು ಮಾರಿದ ಅಂಗಡಿಗೆ ಒಯ್ದಾಗ ನನಗೆ ಸಿಕ್ಕ ಉತ್ತರ, ‘ಪೂರ್ತಿ ಕಾರ್ಬೋರೇಟರೇ ಬದಲಿಸಬೇಕು, ಸ್ಟಾಕ್ ಇಲ್ಲ, ಹೊಸ ಮಿಷನ್ ತಗೊಳ್ಳಿ’. ಮೇಸ್ತ್ರಿ ಅದನ್ನು ಬಿಚ್ಚಿ, ಗಟ್ಟಿಯಾದ ಡಯಾಫ್ರಮ್ ತೆಗೆದು ಬೇರೊಂದರದ್ದನ್ನು ಕತ್ತರಿಸಿ ಕೂರಿಸಿ, ಸ್ಕ್ರೂ ಕಾಲು ಸುತ್ತು ಬಿಚ್ಚಿ ಕೊಟ್ಟರು. ಮುಂದಿನ ಮಳೆಗಾಲವನ್ನೂ ಅದು ದಾಟಿತು.

ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ‘ರಿಪೇರಿಯ ಹಕ್ಕು’ ಕುರಿತು ಸಮಿತಿ ಮಾಡಿತು, ಅದೇ ಡಿಸೆಂಬರಿನಲ್ಲಿ ಒಂದು ಪೋರ್ಟಲ್ಲನ್ನೂ ತೆರೆಯಿತು. ಕೃಷಿ ಉಪಕರಣ ಆ ಪಟ್ಟಿಯಲ್ಲಿದೆ. ಒಳ್ಳೆಯದೇ. ಆದರೆ ರಿಪೇರಿ ಮಾಡುವವರೇ ಇಲ್ಲವಾದರೆ ಆ ಹಕ್ಕನ್ನು ಯಾವ ಶೆಡ್ಡಿಗೆ ಒಯ್ಯುವುದು? ನಾನು ಹೇಳುತ್ತಿರುವ ಮೇಸ್ತ್ರಿಗೆ ಅರವತ್ತು ದಾಟಿದೆ, ಕಣ್ಣು ಮಂಜಾಗಿದೆ. ಜೆಟ್ಟಿನ ಮೇಲಿನ ನಂಬರನ್ನು ಈಗ ನನ್ನಿಂದ ಓದಿಸುತ್ತಾರೆ. ಶಿಷ್ಯರಿಲ್ಲ. ಅವರ ಮಗ ಬೆಂಗಳೂರಿನಲ್ಲಿ ಡೆಲಿವರಿ ಕೆಲಸದಲ್ಲಿದ್ದಾನೆ.

ಕುಂಬಾರಿಕೆ, ನೇಯ್ಗೆ, ಬೇಸಾಯದ ವೃತ್ತಿಪದಗಳನ್ನು ಕಲೆಹಾಕುವ ಕೆಲಸ ಕನ್ನಡದಲ್ಲಿ ನಡೆದಿದೆ. ಅದನ್ನು ಮಾಡಿದವರಿಗೆ ನಾವು ಋಣಿಗಳು. ಗ್ಯಾರೇಜಿನ ಕನ್ನಡವನ್ನೂ ಹಾಗೆಯೇ ಕಲೆಹಾಕಬೇಕು. ಗಾಳಿ ಎಳೆಯುವುದು, ಎಂಜಿನ್ ಕಚ್ಚುವುದು, ಪ್ಲಗ್ಗು ಕುಡಿಯುವುದು, ಪಿಕಪ್ ಮುರಿಯುವುದು, ಕೂರುವುದು. ಇವು ಬರೀ ಪದಗಳಲ್ಲ, ಒಂದೊಂದರ ಹಿಂದೆ ಒಂದೊಂದು ರೋಗಲಕ್ಷಣ, ಒಂದೊಂದು ಪರೀಕ್ಷೆ, ಒಂದೊಂದು ಪರಿಹಾರವಿದೆ. ಜಾನಪದ ವಿಭಾಗಗಳು, ಕನ್ನಡ ವಿಭಾಗಗಳು ಎಂಎ ವಿದ್ಯಾರ್ಥಿಗಳಿಗೆ ಕ್ಷೇತ್ರಕಾರ್ಯಕ್ಕೆಂದು ಕೊಡುವ ವಿಷಯಗಳಲ್ಲಿ ಇದೂ ಒಂದಾಗಲಿ. ಮುಂದಿನ ದೇಸಿ ಜ್ಞಾನದ ಗೋಷ್ಠಿಯಲ್ಲಿ ಒಬ್ಬ ಮೆಕ್ಯಾನಿಕ್ಕನಿಗೆ ವೇದಿಕೆಯ ಮೇಲೆ ಕುರ್ಚಿ ಹಾಕಲಿ. ಬರೀ ಶಾಲು ಹೊದಿಸಿ ಕಳಿಸುವುದಕ್ಕಲ್ಲ, ಪ್ರಶ್ನೆ ಕೇಳುವುದಕ್ಕೆ.

ಅಲ್ಲಿಯವರೆಗೆ ನನ್ನ ಪಾಲಿನ ಕೆಲಸ ಶುರುಮಾಡಿದ್ದೇನೆ. ಇನ್ನೂರು ಪುಟದ ಒಂದು ನೋಟುಬುಕ್ಕಿದೆ. ಯಾವ ಎಂಜಿನ್ನಿಗೆ ಯಾವ ಕಾರ್ಬೋರೇಟರ್, ಮೇನ್ ಎಷ್ಟು, ಪೈಲಟ್ ಎಷ್ಟು, ನೀಡಲ್ ಎಷ್ಟನೇ ಗಾಡಿಯಲ್ಲಿ, ಘಟ್ಟ ಇಳಿಯುವ ಗಾಡಿಗೆ ಬೇರೆ, ಇಳಿಯದ್ದಕ್ಕೆ ಬೇರೆ. ಮೇಸ್ತ್ರಿ ಹೇಳುತ್ತಾರೆ, ನಾನು ಬರೆದುಕೊಳ್ಳುತ್ತೇನೆ. ತಪ್ಪು ಬರೆದಿದ್ದರೆ ಓದಿಸಿ ಕೇಳಿ ಹೊಡೆದುಹಾಕಿಸುತ್ತಾರೆ. ನನ್ನ ಪಿಎಚ್‌ಡಿ ಅಧ್ಯಾಯವನ್ನು ಅಷ್ಟು ಗಮನವಿಟ್ಟು ಇನ್ನೂ ಯಾರೂ ತಿದ್ದಿಲ್ಲ. ಸದ್ಯ ನಲವತ್ತೊಂದನೇ ಪುಟದಲ್ಲಿದ್ದೇವೆ. ನಿಮ್ಮ ಊರಿನ ಗ್ಯಾರೇಜಿನಲ್ಲೂ ಇಂಥವರೊಬ್ಬರು ಇದ್ದೇ ಇರುತ್ತಾರೆ. ಈ ಮಳೆಗಾಲ ಮುಗಿಯುವುದರೊಳಗೆ ಒಂದು ನೋಟುಬುಕ್ಕು ತೆಗೆದುಕೊಂಡು ಅವರ ಬಳಿ ಹೋಗಿ.